ರ್‍ಯಾಮ್ ಧಾರಣೆಯೂ ಮೇ ತಿಂಗಳ ಸಿಡಿಲೂ

ಅಡಿಕೆ ಬೆಳೆಯುವವರಿಗೆ ಕಂಪ್ಯೂಟರ್ ಮೆಮೊರಿಯ ಮಾರುಕಟ್ಟೆ ಹೇಗೆ ನಡೆಯುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಬೆಳಿಗ್ಗೆ ಕಾಫಿ ಲೋಟ ಹಿಡಿದು ವಾಟ್ಸಾಪಿನಲ್ಲಿ ರಾಶಿ ಇಡಿಗೆಷ್ಟು, ಬೆಟ್ಟೆಗೆಷ್ಟು, ಗೊರಬಲಿಗೆಷ್ಟು ಎಂದು ನೋಡಿ, ಮಂಡಿಗೆ ಬಿಡುವುದೋ ಇನ್ನೆರಡು ವಾರ ಅಟ್ಟದ ಮೇಲೇ ಇರಲಿ ಅನ್ನುವುದೋ ಎಂದು ತೀರ್ಮಾನಿಸುವ ಸೀಮೆ ಇದು. ರ್‍ಯಾಮ್ ಚಿಪ್ಪೂ ಅಂಥದೇ ಸರಕು. ಸ್ಯಾಮ್‌ಸಂಗ್ ಮಾಡಲಿ, ಎಸ್‌ಕೆ ಹೈನಿಕ್ಸ್ ಮಾಡಲಿ, ಮೈಕ್ರಾನ್ ಮಾಡಲಿ, ಅಳತೆ ಒಂದೇ, ಕೆಲಸ ಒಂದೇ. ಅದಕ್ಕೂ ದಿನದ ಧಾರಣೆ ಬೇರೆ, ದೊಡ್ಡ ಖರೀದಿದಾರರು ಕೂತು ಕುದುರಿಸಿಕೊಳ್ಳುವ ಒಪ್ಪಂದದ ದರ ಬೇರೆ. ಡಿರ್‍ಯಾಮ್ ಎನ್ನುವ ಈ ಬಗೆಯ ಮೆಮೊರಿ ಜಗತ್ತಿನಲ್ಲಿ ಬಹುಪಾಲು ಈ ಮೂರೇ ಮನೆಯ ತೋಟದ್ದು. ಒಂದು ಮನೆಯವರು ಚೀಲ ಕಟ್ಟಿ ಒಳಗಿಟ್ಟರೆ ಅಂಗಡಿಯಲ್ಲಿ ದರ ಏರುತ್ತದೆ.

2025ರ ಕೊನೆಯಲ್ಲಿ ಆದದ್ದು ಅದೇ. ಎಐ ಡೇಟಾ ಸೆಂಟರುಗಳಿಗೆ ಎಚ್‌ಬಿಎಂ ಎಂಬ ವಿಶೇಷ ಮೆಮೊರಿ ಬೇಕು. ಒಂದರ ಮೇಲೊಂದು ಪದರ ಪೇರಿಸಿ ಮಾಡುವ ಈ ಚಿಪ್ಪು ಒಂದು ಗಿಗಾಬೈಟಿಗೆ ಮನೆ ಕಂಪ್ಯೂಟರಿನ ಮಾಮೂಲಿ ಡಿಡಿಆರ್5ಗಿಂತ ಸುಮಾರು ಮೂರು ಪಟ್ಟು ವೇಫರ್, ಅಂದರೆ ಚಿಪ್ಪು ಕೊರೆಯುವ ಸಿಲಿಕಾನ್ ಬಿಲ್ಲೆ, ತಿನ್ನುತ್ತದೆ. ಲಾಭವೂ ಹಾಗೇ ಹೆಚ್ಚು. 2025ರ ಅಕ್ಟೋಬರಿನಲ್ಲಿ ಓಪನ್‌ಎಐ ತನ್ನ ಸ್ಟಾರ್‌ಗೇಟ್ ಎಂಬ ಡೇಟಾ ಸೆಂಟರ್ ಯೋಜನೆಗೆ ತಿಂಗಳಿಗೆ 9 ಲಕ್ಷ ವೇಫರುಗಳವರೆಗೆ ಬೇಕಾದೀತು ಎಂದು ಸ್ಯಾಮ್‌ಸಂಗ್ ಮತ್ತು ಹೈನಿಕ್ಸ್ ಜೊತೆ ಮಾತು ಮಾಡಿಕೊಂಡಿತು. ಡಿಸೆಂಬರ್ 3ರಂದು ಮೈಕ್ರಾನ್, ನಮ್ಮ ನಿಮ್ಮಂಥವರಿಗೆ ಅಂಗಡಿಯಲ್ಲಿ ಮಾರುತ್ತಿದ್ದ ಕ್ರೂಷಿಯಲ್ ಬ್ರಾಂಡನ್ನೇ ನಿಲ್ಲಿಸುವುದಾಗಿ ಹೇಳಿತು. ಸಗಟು ಗಿರಾಕಿ ಬಾಗಿಲಲ್ಲಿ ನಿಂತಿರುವಾಗ ಸಂತೆಯಲ್ಲಿ ಕೂತು ಸೇರಿನಲ್ಲಿ ಅಳೆಯುವವರು ಯಾರು? ಆ ಮೂರ್ನಾಲ್ಕು ತಿಂಗಳಲ್ಲಿ ಡಿಡಿಆರ್5 ಕಿಟ್ಟುಗಳ ಚಿಲ್ಲರೆ ದರ ದುಪ್ಪಟ್ಟು, ಕೆಲವು ಮೂರು ಪಟ್ಟು ಆದವು. ಹಳೆಯ ಡಿಡಿಆರ್4ರ ತಯಾರಿಕೆಯನ್ನು ಕಂಪನಿಗಳು ಮೊದಲೇ ಇಳಿಸುತ್ತಿದ್ದರಿಂದ ಅದೂ ಸೋವಿಯಾಗಿ ಉಳಿಯಲಿಲ್ಲ.

‘ಗುಜರಾತಿನ ಸಾಣಂದ್‌ನಲ್ಲಿ ಮೈಕ್ರಾನ್ ಕಾರ್ಖಾನೆ ಇದೆಯಲ್ಲ, ನಮಗೆ ಕಡಿಮೆಗೆ ಸಿಗಬೇಡವೇ’ ಎಂದು ಕೇಳುವವರಿದ್ದಾರೆ. ಅಲ್ಲಿ ನಡೆಯುವುದು ಹೊರಗಿನಿಂದ ಬಂದ ವೇಫರ್ ಕತ್ತರಿಸಿ, ಕವಚ ಹಾಕಿ, ಪರೀಕ್ಷೆ ಮಾಡುವ ಕೆಲಸ. ಚೇಣಿ ಹಿಡಿದವರು ಬೇರೆಯವರ ತೋಟದ ಕೊನೆ ತಂದು ಸುಲಿದು, ಬೇಯಿಸಿ, ಒಣಗಿಸಿ ಚೀಲಕ್ಕೆ ತುಂಬುವ ಹಾಗೆ. ಕೆಲಸ ಸಣ್ಣದಲ್ಲ, ಆದರೆ ಧಾರಣೆ ಅವರ ಕೈಯಲ್ಲಿಲ್ಲ.

ಏರಿದ್ದು ಇಳಿಯದೆ ಇರುವುದಿಲ್ಲ, ಅದೂ ನಿಜ. 2023ರಲ್ಲಿ ಇದೇ ಕಂಪನಿಗಳು ಕೊಳ್ಳುವವರಿಲ್ಲದೆ ನಷ್ಟ ಅನುಭವಿಸಿ ಉತ್ಪಾದನೆ ಕಡಿತ ಮಾಡಿದ್ದವು. ಧಾರಣೆ ಏರಿದ ವರ್ಷ ಗದ್ದೆಗೆ ಮಣ್ಣು ಹೊಡೆಸಿ ಅಡಿಕೆ ಸಸಿ ಇಟ್ಟವರಿಗೆ ಫಸಲು ಬರಲು ಐದಾರು ವರ್ಷ ಬೇಕು. ಹೊಸ ಮೆಮೊರಿ ಕಾರ್ಖಾನೆಯಿಂದ ಮಾಲು ಹೊರಬರಲು ಎರಡು ಮೂರು ವರ್ಷವಾದರೂ ಬೇಕು. ಅಲ್ಲಿಯವರೆಗೆ ಹೊಸ ಕಂಪ್ಯೂಟರ್ ಕೊಳ್ಳುವುದನ್ನು ಮುಂದೆ ಹಾಕಬಹುದಾದವರು ಮುಂದೆ ಹಾಕುವುದೇ ವಾಸಿ ಎಂಬುದು ನನ್ನ ಅಭಿಪ್ರಾಯ. ತೊಡಕೆಂದರೆ, ಮುಂದೆ ಹಾಕಬೇಡಿ ಎನ್ನುವ ಇನ್ನೊಂದು ಸುದ್ದಿ ಇದರ ಬೆನ್ನಿಗೇ ಬಂದು ಕೂತಿದೆ.

2015ರ ಜುಲೈ 29ಕ್ಕೆ ಹುಟ್ಟಿದ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿತು. ಆ ಮೇಲೆ ಶಿವಮೊಗ್ಗದ ದುರ್ಗಿಗುಡಿಯಿಂದ ತೀರ್ಥಹಳ್ಳಿ ಪೇಟೆಯವರೆಗೆ ಕಂಪ್ಯೂಟರ್ ಅಂಗಡಿಗಳಲ್ಲಿ ಒಂದೇ ಮಾತು: ‘ಮಾಸ್ತರೇ, ಇದಕ್ಕೆ ವಿಂಡೋಸ್ ಹನ್ನೊಂದು ಹತ್ತೋದಿಲ್ಲ. ಎಕ್ಸ್‌ಚೇಂಜಿಗೆ ಹಾಕಿಬಿಡಿ.’ ಅಂಗಡಿಯವರದು ಸುಳ್ಳಲ್ಲ, ಅವಸರ ಅಷ್ಟೆ. ಬೆಂಬಲ ನಿಂತ ದಿನ ಕಂಪ್ಯೂಟರ್ ನಿಲ್ಲುವುದಿಲ್ಲ. ನಿಲ್ಲುವುದು ಭದ್ರತೆಯ ತೂತು ಮುಚ್ಚುವ ಪ್ಯಾಚ್‌ಗಳು. ಅವು ನಿಂತ ಯಂತ್ರದಲ್ಲಿ ಬ್ಯಾಂಕಿನ ಕೆಲಸ ಮಾಡುವುದು ಬೇಲಿ ಬಿದ್ದ ತೋಟಕ್ಕೆ ರಾತ್ರಿ ಕಾವಲಿಲ್ಲದ ಹಾಗೆ. ಇವತ್ತೇ ಕಾಡುಹಂದಿ ನುಗ್ಗುತ್ತದೆ ಎಂದಲ್ಲ, ನುಗ್ಗಿದರೆ ತಡೆಯುವವರಿಲ್ಲ.

ಬೇಲಿಯನ್ನು ಇನ್ನೊಂದು ವರ್ಷ ಉಳಿಸಿಕೊಳ್ಳಲು ದಾರಿ ಇದೆ, ಅದನ್ನು ಅಂಗಡಿಯಲ್ಲಿ ಯಾರೂ ಎತ್ತಿ ಹೇಳುವುದಿಲ್ಲ. ಮನೆಬಳಕೆಯ ಕಂಪ್ಯೂಟರುಗಳಿಗೆ ಇಎಸ್‌ಯು ಎಂಬ ಹೆಚ್ಚುವರಿ ಭದ್ರತಾ ಅಪ್‌ಡೇಟ್ 2026ರ ಅಕ್ಟೋಬರ್ 13ರವರೆಗೆ ಸಿಗುತ್ತದೆ. ಸೆಟ್ಟಿಂಗ್ಸ್ ಒಳಗೆ ವಿಂಡೋಸ್ ಅಪ್‌ಡೇಟ್ ಪುಟ ತೆರೆದರೆ ನೋಂದಣಿಯ ಕೊಂಡಿ ಕಾಣುತ್ತದೆ. ಕಾಣದಿದ್ದರೆ ಮೊದಲು ಆವೃತ್ತಿ ನೋಡಿ: 22ಎಚ್2 ಆಗಿರಬೇಕು. ಮೈಕ್ರೋಸಾಫ್ಟ್ ಖಾತೆ ಬೇಕು. ಸೆಟ್ಟಿಂಗುಗಳ ಬ್ಯಾಕಪ್‌ಗೆ ಒಪ್ಪಿದರೆ ದುಡ್ಡಿಲ್ಲ, ಒಪ್ಪದಿದ್ದರೆ 1000 ರಿವಾರ್ಡ್ ಅಂಕ ಅಥವಾ ಒಂದು ಸಲಕ್ಕೆ 30 ಡಾಲರ್. ಕಚೇರಿ, ಸಂಸ್ಥೆಗಳ ಲೆಕ್ಕ ಬೇರೆ, ಅವರಿಗೆ ಮೊದಲ ವರ್ಷಕ್ಕೇ ಯಂತ್ರವೊಂದಕ್ಕೆ 61 ಡಾಲರ್, ಮರುವರ್ಷ ದುಪ್ಪಟ್ಟು.

ಹನ್ನೊಂದು ‘ಹತ್ತೋದಿಲ್ಲ’ ಎಂದು ಒಪ್ಪಿಕೊಳ್ಳುವ ಮೊದಲು ನೀವೇ ನೋಡಿಕೊಳ್ಳಿ. ಲ್ಯಾಪ್‌ಟಾಪಿನ ಅಂಗೈ ಇಡುವ ಜಾಗದಲ್ಲಿ ಅಂಟಿಸಿದ ಇಂಟೆಲ್ ಸ್ಟಿಕ್ಕರ್ ನಂಬಬೇಡಿ, ಸೆಟ್ಟಿಂಗ್ಸಿನ ಅಬೌಟ್ ಪುಟದಲ್ಲಿ ಪ್ರೊಸೆಸರ್ ಹೆಸರು ಪೂರ್ತಿ ಓದಿ. ಐ5-7200ಯು ಎಂದಿದ್ದರೆ ಅಡ್ಡಗೆರೆಯ ನಂತರದ 7 ಅಂದರೆ ಏಳನೇ ತಲೆಮಾರು, ಹೊರಗೆ. ಐ5-8250ಯು ಎಂದಿದ್ದರೆ ಎಂಟನೆಯದು, ಒಳಗೆ. ಐ5-10210ಯು ಎಂದು ಐದು ಅಂಕಿ ಇದ್ದರೆ ಮೊದಲ ಎರಡನ್ನು ಓದಬೇಕು, ಅದು ಹತ್ತು. ಎಎಂಡಿಯಲ್ಲಿ ಸ್ಥೂಲವಾಗಿ ಡೆಸ್ಕ್‌ಟಾಪಾದರೆ ರೈಜನ್ 2000ದ, ಲ್ಯಾಪ್‌ಟಾಪಾದರೆ 3000ದ ಸರಣಿಯಿಂದ ಈಚೆಗೆ. 2017–18ರಲ್ಲಿ ಮಕ್ಕಳು ಕಾಲೇಜು ಸೇರಿದಾಗ ಕೊಡಿಸಿದ ಲ್ಯಾಪ್‌ಟಾಪುಗಳಲ್ಲಿ ಐ3-6006ಯು ಇರುವವು ಬೇಕಾದಷ್ಟು. ಎಂಟನೇ ತಲೆಮಾರು ಬಂದ ಮೇಲೂ ಆರನೆಯದನ್ನು ಮಾರಿದರು, ಈಗ ಅದೇ ಯಂತ್ರ ಹಳತು ಎನ್ನುತ್ತಿದ್ದಾರೆ. ಇದು ನನಗೆ ಸರಿ ಕಾಣುವುದಿಲ್ಲ.

ಪ್ರೊಸೆಸರ್ ಸರಿ ಇದ್ದೂ ‘ಅರ್ಹವಲ್ಲ’ ಎಂದು ಬರುವ ಯಂತ್ರಗಳೂ ಇವೆ. ಹನ್ನೊಂದಕ್ಕೆ ಟಿಪಿಎಂ ಎಂಬ ಭದ್ರತಾ ಚಿಪ್ಪೂ ಬೇಕು. ವಿಂಡೋಸ್ ಕೀಲಿಯ ಜೊತೆ ಆರ್ ಒತ್ತಿ ಟಿಪಿಎಂ ಡಾಟ್ ಎಂಎಸ್‌ಸಿ ಎಂದು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ. ಸ್ಪೆಸಿಫಿಕೇಶನ್ ವರ್ಷನ್ 2.0 ಎಂದಿದ್ದರೆ ಆಯಿತು. ಟಿಪಿಎಂ ಇಲ್ಲವೇ ಇಲ್ಲ ಎಂದರೂ ಹೌಹಾರಬೇಕಾಗಿಲ್ಲ. ಯಂತ್ರ ಏಳುವಾಗ ತೆರೆಯಬಹುದಾದ ಬಯೋಸ್ ಎಂಬ ಮೂಲ ಸೆಟ್ಟಿಂಗಿನಲ್ಲಿ ಇಂಟೆಲ್ಲಿಗೆ ಪಿಟಿಟಿ, ಎಎಂಡಿಗೆ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿ ಅದು ಆಫ್ ಆಗಿ ಮಲಗಿರುತ್ತದೆ. ಅದನ್ನು ಮುಟ್ಟುವ ಮೊದಲು ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದೆಯೇ ನೋಡಿ, ಇದ್ದರೆ ತಾತ್ಕಾಲಿಕವಾಗಿ ನಿಲ್ಲಿಸಿ, 48 ಅಂಕಿಯ ರಿಕವರಿ ಕೀ ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಬಯೋಸ್ ರೀಸೆಟ್ ಆದ ಮೇಲೆ ನೀಲಿ ಪರದೆ ಬಂದು ಆ 48 ಅಂಕಿ ಕೇಳಿದಾಗ ರಿಪೇರಿಯವರು ಏನೂ ಮಾಡಲಾರರು. ಮಗಳ ಮದುವೆಯ ಫೋಟೋ ಎಲ್ಲ ಡಿಸ್ಕಿನಲ್ಲೇ ಇರುತ್ತದೆ, ತೆಗೆಯಲು ಬರುವುದಿಲ್ಲ.

ಅರ್ಹವಲ್ಲದ ಯಂತ್ರಕ್ಕೂ ಅಡ್ಡದಾರಿಯಲ್ಲಿ ಹನ್ನೊಂದನ್ನು ಏರಿಸಿಕೊಡುತ್ತೇವೆ ಎನ್ನುವವರಿದ್ದಾರೆ. ಏರುತ್ತದೆ, ಓಡುತ್ತದೆ. ಆದರೆ ವರ್ಷಕ್ಕೊಮ್ಮೆ ಬರುವ ದೊಡ್ಡ ಅಪ್‌ಡೇಟ್ ತಾನಾಗಿ ಬರುವುದಿಲ್ಲ, ಪ್ರತಿ ಸಲ ಮತ್ತದೇ ಅಡ್ಡದಾರಿ. 24ಎಚ್2 ಆವೃತ್ತಿಯಿಂದ ಎಸ್‌ಎಸ್‌ಇ 4.2 ಆದೇಶಗಳಿಲ್ಲದ ಪ್ರೊಸೆಸರುಗಳಲ್ಲಿ, ಅಂದರೆ ಕೋರ್ 2 ಡ್ಯುಯೋ ಕಾಲದವುಗಳಲ್ಲಿ, ಅದು ಬೂಟೇ ಆಗುವುದಿಲ್ಲ. ಯಂತ್ರ ಕೈಲಿರುವವರಿಗೆ ಕೈ ಪಳಗಿದ್ದರೆ ಮಾತ್ರ ಈ ದಾರಿ.

ಇನ್ನುಳಿದದ್ದು ವಿಂಡೋಸಿನ ಜಾಗದಲ್ಲಿ ಪುಕ್ಕಟೆಯಾಗಿ ಹಾಕಿಕೊಳ್ಳಬಹುದಾದ ಲಿನಕ್ಸ್. ಇಲ್ಲಿ ಉತ್ಸಾಹಿಗಳು ಹೇಳದೆ ಬಿಡುವ ಮಾತುಗಳೇ ಮುಖ್ಯ. ಯಂತ್ರದಿಂದ ಏನು ಕೆಲಸ ಆಗಬೇಕು ಎನ್ನುವುದನ್ನು ಮೊದಲು ಕೇಳಬೇಕು. ಸೊಸೈಟಿಯ ಲೆಕ್ಕ ಟ್ಯಾಲಿಯಲ್ಲಿದ್ದರೆ ವಿಂಡೋಸ್ ಬಿಡಬೇಡಿ, ಟ್ಯಾಲಿಪ್ರೈಮ್ ವಿಂಡೋಸಿನದು. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್, ಬೆರಳಚ್ಚು ಯಂತ್ರ ಹಿಡಿದು ಸರ್ಕಾರಿ ಜಾಲತಾಣಗಳಲ್ಲಿ ಕೆಲಸ ಮಾಡುವ ಸೇವಾ ಕೇಂದ್ರಗಳೂ ಬಿಡಬೇಡಿ, ಅವುಗಳ ತಂತ್ರಾಂಶ ಬಹುಪಾಲು ವಿಂಡೋಸಿಗೇ ಬರೆದದ್ದು. ದಸ್ತಾವೇಜು ಬರೆಯುವವರ ಮೇಜಿನ ಮೇಲೆ ತಪ್ಪದೆ ಕೂತಿರುವ ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರ್ ಇನ್ನೊಂದು ತೊಡಕು. ಗಟ್ಟಿ ಜೀವ, ಆದರೆ ಕ್ಯಾಪ್ಟ್ ಎಂಬ ತನ್ನದೇ ಭಾಷೆಯಲ್ಲಿ ಮಾತಾಡುತ್ತದೆ, ಲಿನಕ್ಸಿನಲ್ಲಿ ಅದನ್ನು ಮಾತಾಡಿಸುವುದು ಒಂದು ದಿನದ ಕೆಲಸ. ಎಪ್ಸನ್ ಇಂಕ್ ಟ್ಯಾಂಕ್ ಪ್ರಿಂಟರುಗಳು ಹಾಗಲ್ಲ, ಸಾಮಾನ್ಯವಾಗಿ ಸುಲಭವಾಗಿ ಒಗ್ಗಿಕೊಳ್ಳುತ್ತವೆ.

ಮೇಲ್, ಬ್ಯಾಂಕ್, ಯೂಟ್ಯೂಬ್, ಮಕ್ಕಳ ಪಾಠ, ಒಂದಿಷ್ಟು ಬರವಣಿಗೆ, ಇಷ್ಟೇ ಆದರೆ ಲಿನಕ್ಸ್ ಮಿಂಟ್ 22ರ ಎಕ್ಸ್‌ಎಫ್‌ಸಿಇ ಆವೃತ್ತಿ ಸಾಕು. ಅದರ ಬೆಂಬಲ 2029ರವರೆಗೆ. 2 ಜಿಬಿ ರ್‍ಯಾಮಿನಲ್ಲೂ ಏಳುತ್ತದೆ ಎನ್ನುತ್ತಾರೆ, ಆದರೆ ಬ್ರೌಸರ್ ತೆರೆದು ಬದುಕಬೇಕಾದರೆ 4 ಬೇಕು. 8 ಜಿಬಿಯ ಪೆನ್‌ಡ್ರೈವಿಗೆ ರೂಫಸ್ ಎಂಬ ತಂತ್ರಾಂಶದಿಂದ ಬರೆದು, ಡೆಲ್ ಲೆನೊವೊಗಳಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9 ಒತ್ತಿ ಪೆನ್‌ಡ್ರೈವಿನಿಂದಲೇ ಬೂಟ್ ಮಾಡಿ. ಡಿಸ್ಕ್ ಮುಟ್ಟದೆ ಒಂದು ಸಂಜೆ ಬಳಸಿ ನೋಡಬಹುದು. ವೈಫೈ ಹಿಡಿಯಿತೇ, ಸ್ಪೀಕರ್ ಬಂತೇ, ಪ್ರಿಂಟ್ ಬಂತೇ, ಮುಚ್ಚಳ ಮುಚ್ಚಿ ತೆಗೆದರೆ ಎದ್ದಿತೇ. ಈ ನಾಲ್ಕೂ ಆದರೆ ಮಾತ್ರ ಇನ್‌ಸ್ಟಾಲ್ ಗುಂಡಿ ಒತ್ತಿ.

ಕನ್ನಡದ ಬಗ್ಗೆ ಹೆದರಿಕೆ ಬೇಡ. ಕೆ.ಪಿ. ರಾವ್ ಅವರ ವಿನ್ಯಾಸದ ಮೇಲೆ ನಿಂತ ಕಗಪ ಕೀಲಿಮಣೆ ಲಿನಕ್ಸಿನ ಕೀಬೋರ್ಡ್ ಪಟ್ಟಿಯಲ್ಲೇ ಇದೆ, ಭಾರತದ ಭಾಷೆಗಳ ಸಾಲಿನಲ್ಲಿ ಹುಡುಕಿ ಸೇರಿಸಿಕೊಂಡರೆ ನುಡಿ ತಂತ್ರಾಂಶದಲ್ಲಿ ಪಳಗಿದ ಬೆರಳು ಹಾಗೇ ಓಡುತ್ತದೆ. ತೊಂದರೆ ಹಳೆಯ ಕಡತಗಳದ್ದು. ಯೂನಿಕೋಡ್ ಅಲ್ಲದ ನುಡಿ ಅಕ್ಷರದಲ್ಲಿ ಟೈಪಿಸಿದ ವರ್ಡ್ ಕಡತ ಫಾಂಟ್ ಇಲ್ಲದ ಯಂತ್ರದಲ್ಲಿ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ವಿಂಡೋಸ್ ಅಳಿಸುವ ಮೊದಲೇ ನುಡಿಯ ಪರಿವರ್ತಕದಲ್ಲಿ ಯೂನಿಕೋಡಿಗೆ ಬದಲಿಸಿಟ್ಟುಕೊಳ್ಳಿ. ಅರ್ಕಾವತ್ತು ಇರುವ ಪದಗಳನ್ನು ಮಾತ್ರ ಕಣ್ಣಾಡಿಸಿ, ಕೆಡುವುದು ಸಾಮಾನ್ಯವಾಗಿ ಅಲ್ಲೇ.

ವಿಂಡೋಸೋ ಲಿನಕ್ಸೋ, ಎರಡಕ್ಕಿಂತ ಹೆಚ್ಚು ಫಲ ಕೊಡುವ ಖರ್ಚು ಎಸ್‌ಎಸ್‌ಡಿ. ಟಾಸ್ಕ್ ಮ್ಯಾನೇಜರ್ ತೆರೆದಾಗ ಡಿಸ್ಕ್ ಎದುರು 100% ಎಂದು ಕೆಂಪಾಗಿ ನಿಂತೇ ಇದ್ದರೆ ನಿಮ್ಮ ಕಂಪ್ಯೂಟರಿಗೆ ವಯಸ್ಸಾಗಿಲ್ಲ, ತಿರುಗುವ ಹಾರ್ಡ್ ಡಿಸ್ಕ್ ಸೋತಿದೆ. ಅದು ಸೆಕೆಂಡಿಗೆ ನೂರು ಮೆಗಾಬೈಟ್ ಆಸುಪಾಸು ಓದಿದರೆ ಅದೇ ಕೇಬಲಿನಲ್ಲಿ ಸಾಟಾ ಎಸ್‌ಎಸ್‌ಡಿ ಐನೂರು ದಾಟುತ್ತದೆ. ಚಿಕ್ಕ ಚಿಕ್ಕ ಕಡತಗಳಲ್ಲಿ ಅಂತರ ಇನ್ನೂ ಹೆಚ್ಚು. ಎರಡೂವರೆ ಇಂಚಿನ, 7 ಮಿಲಿಮೀಟರ್ ದಪ್ಪದ್ದು ಆರನೇ ಏಳನೇ ತಲೆಮಾರಿನ ಲ್ಯಾಪ್‌ಟಾಪುಗಳಿಗೆ ಬಹುಮಟ್ಟಿಗೆ ಹೊಂದುತ್ತದೆ. ಹಿಂಬದಿಯ ಸ್ಕ್ರೂಗಳೆಲ್ಲ ಒಂದೇ ಉದ್ದದವಲ್ಲ. ಒಂದು ಕಾಗದದಲ್ಲಿ ಲ್ಯಾಪ್‌ಟಾಪಿನ ಆಕಾರ ಗೀಚಿ, ತೆಗೆದ ಸ್ಕ್ರೂವನ್ನು ಅದೇ ಜಾಗದಲ್ಲಿ ಚುಚ್ಚಿಡಿ. ಉದ್ದದ್ದನ್ನು ಗಿಡ್ಡ ತೂತಿಗೆ ತಿರುಗಿಸಿದರೆ ಕೀಬೋರ್ಡ್ ಪಕ್ಕ ಗುಳ್ಳೆ ಏಳುತ್ತದೆ. ಹಳೆಯ ಡಿಸ್ಕಿನಿಂದ ನಕಲು ಮಾಡುವ ಮುನ್ನ ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ತಂತ್ರಾಂಶದಲ್ಲಿ, ಡಿಸ್ಕಿನ ಕೆಟ್ಟ ಜಾಗಗಳ ಲೆಕ್ಕ ತೋರಿಸುವ 05 ಮತ್ತು ಸಿ5 ಸಾಲು ನೋಡಿ. ಸಿ5ರ ಎದುರು ಸೊನ್ನೆ ಬಿಟ್ಟು ಬೇರೇನಿದ್ದರೂ ಮೊದಲು ಫೋಟೋ, ಕಡತ ಬೇರೆಡೆ ತೆಗೆದಿಡಿ, ಆಮೇಲೆ ನಕಲಿನ ಮಾತು. ಮತ್ತೆ, ತೆಗೆದಿಡುವುದೆಂದರೆ ಎಸ್‌ಎಸ್‌ಡಿಯಲ್ಲಿ ತುಂಬಿ ಬೀರುವಿನಲ್ಲಿಡುವುದಲ್ಲ. ಸವೆದ ಎಸ್‌ಎಸ್‌ಡಿ ಕರೆಂಟಿಲ್ಲದೆ 30 ಡಿಗ್ರಿಯಲ್ಲಿ ಒಂದು ವರ್ಷ ಮಾಹಿತಿ ಹಿಡಿದಿಟ್ಟುಕೊಂಡರೆ ಮಾನದಂಡದ ಪ್ರಕಾರ ಪಾಸು. ಅದಕ್ಕೆ ಕೆಡದ, ತಿರುಗುವ ಹಾರ್ಡ್ ಡಿಸ್ಕೇ ಮೇಲು.

ಇಷ್ಟರವರೆಗಿನದು ಬೆಂಗಳೂರಿಗೂ ಸಲ್ಲುತ್ತದೆ. ಮಲೆನಾಡಿನಲ್ಲಿ ಕಂಪ್ಯೂಟರ್ ಸಾಯುವುದು ಮೈಕ್ರೋಸಾಫ್ಟಿನ ಕ್ಯಾಲೆಂಡರ್ ನೋಡಿಕೊಂಡಲ್ಲ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ದಾಟುವ ಆಗುಂಬೆಯ ಮಳೆ ಒಂದು ಕಡೆ, ಅದಕ್ಕೂ ಮುಂಚೆ ಏಪ್ರಿಲ್ ಮೇ ತಿಂಗಳ ಸಂಜೆಗಳಲ್ಲಿ ಬರುವ ಗುಡುಗು ಸಿಡಿಲು ಇನ್ನೊಂದು ಕಡೆ. ಮಳೆ ನಿಧಾನಕ್ಕೆ ಕೊಲ್ಲುತ್ತದೆ, ಸಿಡಿಲು ಒಂದೇ ಏಟಿಗೆ.

ತಾಮ್ರದ ಟೆಲಿಫೋನ್ ತಂತಿ ಇದ್ದ ಕಾಲದಲ್ಲಿ ಸಿಡಿಲು ಕಂಬದಿಂದ ಕಂಬಕ್ಕೆ ಹಾದು ಮೋಡೆಮ್ ಮೂಲಕ ಒಳಗೆ ಬರುತ್ತಿತ್ತು. ಈಗ ಫೈಬರ್ ಬಂದಿದೆ, ಗಾಜಿನಲ್ಲಿ ವಿದ್ಯುತ್ ಹರಿಯುವುದಿಲ್ಲ, ಹಾಗಾಗಿ ಹೆದರಿಕೆ ಇಲ್ಲ ಎಂದು ಎಲ್ಲರೂ ತಿಳಿದಿದ್ದಾರೆ. ಗಾಜು ನಿಜ. ಆದರೆ ಮರದಿಂದ ಮರಕ್ಕೆ ಎಳೆದ ಕಪ್ಪು ಚಪ್ಪಟೆ ಕೇಬಲ್ ಜೋತು ಬೀಳದ ಹಾಗೆ ಹಲವದರ ಒಳಗೆ ಉಕ್ಕಿನ ತಂತಿ ಇರುತ್ತದೆ. ಅದನ್ನು ಮನೆಯ ಹೊರಗೇ ಬಿಡಿಸಿ ಕತ್ತರಿಸಿ, ಫೈಬರ್ ಮಾತ್ರ ಒಳಗೆ ಬರುವ ಹಾಗೆ ಮಾಡಿಸಬೇಕು. ಇನ್ನು ಫೈಬರ್ ಬಂದು ಸೇರುವ ಒಎನ್‌ಟಿ ಪೆಟ್ಟಿಗೆಯ 12 ವೋಲ್ಟ್ ಅಡಾಪ್ಟರ್ ಗೋಡೆಯ ಸಾಕೆಟ್ಟಿನಲ್ಲಿರುತ್ತದೆ, ಪೆಟ್ಟಿಗೆಯಿಂದ ಕಂಪ್ಯೂಟರಿಗೆ ಲ್ಯಾನ್ ಕೇಬಲ್ ಇರುತ್ತದೆ. ಕರೆಂಟಿನ ಲೈನಿನಲ್ಲಿ ಬಂದ ಏಟು ಆ ದಾರಿಯಲ್ಲಿ ಮದರ್‌ಬೋರ್ಡಿಗೆ ತಲುಪುತ್ತದೆ. ಗುಡುಗುವಾಗ ಲ್ಯಾನ್ ತೆಗೆದು ವೈಫೈಗೆ ಬಂದರೆ ಆ ಸೇತುವೆ ಮುರಿಯುತ್ತದೆ.

ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕೀಳಬೇಕು. ಸ್ವಿಚ್ಚು ಕತ್ತರಿಸುವುದು ಫೇಸ್ ಮಾತ್ರ, ನ್ಯೂಟ್ರಲ್ ಮತ್ತು ಅರ್ತ್ ಹಾಗೇ ಉಳಿಯುತ್ತವೆ, ಸ್ವಿಚ್ಚಿನ ಮೂರು ಮಿಲಿಮೀಟರ್ ಗಾಳಿಯ ಸಂದು ಸಿಡಿಲಿಗೆ ಲೆಕ್ಕವೇ ಅಲ್ಲ. ಯಾವಾಗ ಕೀಳಬೇಕು ಎಂದರೆ ಮಿಂಚಿದಲ್ಲಿಂದ ಗುಡುಗಿನವರೆಗೆ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗಿದೆ, ಅಷ್ಟು ಹೊತ್ತಿಗೆ ಪ್ಲಗ್ ಹೊರಗಿರಬೇಕು. ಐದಕ್ಕೆ ಬಂದ ಮೇಲೆ ಪ್ಲಗ್ಗಿಗೆ ಕೈ ಹಾಕಬೇಡಿ, ಯಂತ್ರ ಹೋದರೆ ಹೋಗಲಿ.

ಸ್ಪೈಕ್ ಬಸ್ಟರ್ ಹಾಕಿದ್ದೇವಲ್ಲ ಎಂದರೆ, ಅದರೊಳಗಿರುವುದು ಎಂಒವಿ ಎಂಬ ನಾಣ್ಯದಗಲದ ಒಂದು ಬಿಲ್ಲೆ. ವೋಲ್ಟೇಜ್ ಏರಿದಾಗ ಅದು ಹೆಚ್ಚಿನದನ್ನು ತಾನು ಕುಡಿಯುತ್ತದೆ, ಪ್ರತಿ ಸಲ ಸ್ವಲ್ಪ ಸವೆಯುತ್ತದೆ. ನಾಲ್ಕು ವರ್ಷ ಹಳೆಯದು ಬರೀ ಎಕ್ಸ್‌ಟೆನ್ಷನ್ ಬಾಕ್ಸ್ ಆಗಿ ಉಳಿದಿರಬಹುದು, ನೋಡಿದರೆ ಗೊತ್ತಾಗುವುದಿಲ್ಲ. ಮತ್ತೆ, ಕುಡಿದದ್ದನ್ನು ನೆಲಕ್ಕೆ ಬಿಡಲು ಅರ್ತಿಂಗ್ ಇಲ್ಲದಿದ್ದರೆ ಅದರ ಅರ್ಧ ಕೆಲಸ ನಡೆಯುವುದೇ ಇಲ್ಲ. ಜಂಬಿಟ್ಟಿಗೆ ನೆಲದಲ್ಲಿ ಬೇಸಿಗೆಗೆ ತೇವ ಆರಿ ಅರ್ತಿಂಗ್ ಸತ್ತಿರುತ್ತದೆ, ಸಿಡಿಲು ಬರುವುದೂ ಆಗಲೇ. ಗುಂಡಿಗೆ ಇದ್ದಿಲು ಉಪ್ಪು ತುಂಬಿಸಿ ಸುಮ್ಮನಾದರೆ ಆಗಲಿಲ್ಲ, ಏಪ್ರಿಲಿನಲ್ಲಿ ವಾರಕ್ಕೆರಡು ಕೊಡ ನೀರು ಬೀಳಬೇಕು. ಬಚ್ಚಲ ನೀರು ಹೋಗುವ ಕಡೆ ಗುಂಡಿ ತೆಗೆಸಿದ ಹಿರಿಯರು ಬುದ್ಧಿವಂತರು.

ಅರ್ತಿಂಗ್ ಇದೆಯೋ ಇಲ್ಲವೋ ಎಂದು ನೋಡಲು ಮೂರು ಪಿನ್ನಿನ ಚಾರ್ಜರ್ ಇರುವ, ಲೋಹದ ಮೈಯ ಲ್ಯಾಪ್‌ಟಾಪೇ ಸಾಕು. ಚಾರ್ಜಿಗೆ ಹಾಕಿ ಅದರ ಅಂಚಿನ ಮೇಲೆ ಬೆರಳ ಹಿಂಬದಿ ಮೆಲ್ಲಗೆ ಸವರಿ. ಜುಮ್ಮೆನ್ನುವ ನಡುಕ ಸಿಕ್ಕಿದರೆ ಸಾಕೆಟ್ಟಿನ ಮೂರನೇ ತೂತು ಬರೀ ತೂತು. ಅಡಾಪ್ಟರಿನೊಳಗಿನ ಸಣ್ಣ ಕೆಪಾಸಿಟರುಗಳು ನೆಲಕ್ಕೆ ಬಿಡಬೇಕಾದ ಸೋರಿಕೆ ನಿಮ್ಮ ಬೆರಳಿನ ಮೂಲಕ ಹೋಗುತ್ತಿರುತ್ತದೆ. ಪ್ರಾಣಕ್ಕೆ ಅಪಾಯವಿಲ್ಲದಷ್ಟು ಕಡಿಮೆ, ಆದರೆ ಎಲೆಕ್ಟ್ರಿಷಿಯನ್ನನ್ನು ಕರೆಸಲು ಸಾಕಾದಷ್ಟು. ಅವರು ಮಲ್ಟಿಮೀಟರಿನಲ್ಲಿ ನ್ಯೂಟ್ರಲ್ ಮತ್ತು ಅರ್ತ್ ನಡುವೆ ಅಳೆದರೆ ಎರಡು ಮೂರು ವೋಲ್ಟಿನೊಳಗೆ ಬರಬೇಕು.

ವೋಲ್ಟೇಜ್ ಕಡಿಮೆಯಾದರೆ ಲ್ಯಾಪ್‌ಟಾಪಿಗೆ ಏನೂ ಆಗುವುದಿಲ್ಲ. ಅಡಾಪ್ಟರ್ ಮೇಲೆ 100–240 ಎಂದು ಬರೆದಿರುತ್ತದೆ, ಪಂಪ್‌ಸೆಟ್ ಓಡುವ ಹೊತ್ತಿನ 160ಕ್ಕೂ ಅದು ತಲೆ ಕೆಡಿಸಿಕೊಳ್ಳುವುದಿಲ್ಲ. ಅದಕ್ಕೆಂದು ಸ್ಟೆಬಿಲೈಜರ್ ಕೊಳ್ಳುವುದು ದುಡ್ಡು ದಂಡ. ಭಯಪಡಬೇಕಾದದ್ದು ಮರ ಬಿದ್ದು ನ್ಯೂಟ್ರಲ್ ತುಂಡಾದಾಗ. ಆಗ ಮನೆಗೆ 230ರ ಬದಲು 400ರ ಹತ್ತಿರ ಬರಬಹುದು. ಬಲ್ಬು ಒಮ್ಮೆಲೇ ಬೆಳ್ಳಗೆ ಉರಿದರೆ ಯೋಚನೆ ಮಾಡದೆ ಮೇನ್ ಇಳಿಸಿ.

ಡೆಸ್ಕ್‌ಟಾಪಿನವರಿಗೆ ಯುಪಿಎಸ್ ಬೇಕೇ ಬೇಕು. ಸಾಮಾನ್ಯ 600 ವಿಎ ಯುಪಿಎಸ್ ಒಳಗೆ 12 ವೋಲ್ಟ್ 7 ಆಂಪಿಯರ್-ಅವರ್‌ನ ಒಂದು ಸೀಲ್ಡ್ ಬ್ಯಾಟರಿ. ಲೆಕ್ಕಕ್ಕೆ 84 ವ್ಯಾಟ್-ಅವರ್, ಆದರೆ ಜೋರಾಗಿ ಎಳೆದಾಗ ಅರ್ಧವೂ ಕೈಗೆ ಸಿಗುವುದಿಲ್ಲ. 100 ವ್ಯಾಟ್ ತಿನ್ನುವ ಕಂಪ್ಯೂಟರಿಗೆ ಹೊಸದರಲ್ಲಿ ಕಾಲು ಗಂಟೆ, ಇಪ್ಪತ್ತು ನಿಮಿಷ. ಎರಡು ಮೂರು ವರ್ಷಕ್ಕೆ ಬ್ಯಾಟರಿ ಹೋಗುತ್ತದೆ, ಯುಪಿಎಸ್ ಹೋಗುವುದಿಲ್ಲ. ಬ್ಯಾಟರಿ ಒಂದನ್ನೇ ಬದಲಿಸಿ. ಮನೆಯ ಇನ್ವರ್ಟರ್ ಮೇಲೆ ಕಂಪ್ಯೂಟರ್ ಓಡಿಸುವವರು ಕರೆಂಟು ಹೋದಾಗಲೆಲ್ಲ ರೀಸ್ಟಾರ್ಟ್ ಆಗುತ್ತದೆ ಎಂದು ಗೊಣಗುತ್ತಾರೆ. ಇನ್ವರ್ಟರಿನ ಹಿಂದೆ ಯುಪಿಎಸ್, ಇಕೋ ಎಂಬ ಎರಡು ಗುರುತಿನ ಸಣ್ಣ ಸ್ವಿಚ್ಚಿರುತ್ತದೆ, ಅದು ಇಕೋ ಕಡೆ ಇರುತ್ತದೆ. ಯುಪಿಎಸ್ ಕಡೆ ಹಾಕಿದರೆ ಬದಲಾವಣೆ ಚುರುಕಾಗುತ್ತದೆ. ಆದರೆ ವೋಲ್ಟೇಜ್ ಸುಮಾರು 180ರ ಕೆಳಗಿಳಿದ ಕೂಡಲೇ ಬ್ಯಾಟರಿಗೆ ಹಾರುತ್ತದೆ, ದಿನವೂ ಸಂಜೆ ಲೋ ವೋಲ್ಟೇಜ್ ಇರುವ ಹಳ್ಳಿಯಲ್ಲಿ ಬ್ಯಾಟರಿ ತುಂಬುವುದೇ ಇಲ್ಲ. ಅಂಥಲ್ಲಿ ಇಕೋದಲ್ಲೇ ಬಿಟ್ಟು ಡೆಸ್ಕ್‌ಟಾಪಿಗೆ ಬೇರೆ ಯುಪಿಎಸ್ ಇಡುವುದು ಮೇಲು.

ಮಳೆ ಹಿಡಿದ ಮೇಲಿನ ಶತ್ರು ಥಂಡಿ. ಬೆಲ್ಟು, ಚಪ್ಪಲಿಗೆ ಬೂಷ್ಟು ಬರುವ ಮನೆಯಲ್ಲಿ ಕಂಪ್ಯೂಟರಿನ ಒಳಗೂ ಅದೇ ಗಾಳಿ. ಪ್ಲಾಸ್ಟಿಕ್ ಹೊದಿಕೆ ಹಾಕಿ ಮುಚ್ಚಿದರೆ ಥಂಡಿ ಒಳಗೇ ಉಳಿಯುತ್ತದೆ, ಹತ್ತಿ ಬಟ್ಟೆ ಹಾಕಿ. ಒಲೆಯ ಮೇಲಿನ ಅಟ್ಟ ಒಣಗಿರುತ್ತದೆಂದು ಅಲ್ಲಿಡಬೇಡಿ, ಹೊಗೆಯ ಮಸಿ ತೇವ ಹೀರಿ ಬೋರ್ಡಿನ ಮೇಲೆ ವಿದ್ಯುತ್ತಿಗೆ ದಾರಿ ಮಾಡಿಕೊಡುತ್ತದೆ. ಎಲ್ಲಕ್ಕಿಂತ ಒಳ್ಳೆಯ ಔಷಧಿ ದಿನಕ್ಕೆ ಒಂದು ಗಂಟೆ ಆನ್ ಮಾಡಿಡುವುದು. ಅದರದೇ ಬಿಸಿಗೆ ಅದು ಒಣಗುತ್ತದೆ.

ಆಗಸ್ಟಿನಲ್ಲಿ ಅಂಗಡಿಗೆ ಬರುವ ದೂರು ಬಹುತೇಕ ಒಂದೇ: ಫ್ಯಾನ್ ತಿರುಗುತ್ತದೆ, ದೀಪ ಬರುತ್ತದೆ, ಪರದೆ ಕಪ್ಪು, ಕೆಲವೊಮ್ಮೆ ಕುಂಯ್ ಕುಂಯ್ ಎಂದು ಬೀಪ್. ‘ರ್‍ಯಾಮ್ ಹೋಗಿದೆ ಸಾರ್’ ಎಂದರೆ ಈಗಿನ ಧಾರಣೆಯಲ್ಲಿ ಎದೆ ಧಸಕ್ಕೆನ್ನುತ್ತದೆ. ಕೊಳ್ಳುವ ಮೊದಲು ಒಂದು ಅಳಿಸುವ ರಬ್ಬರ್ ತೆಗೆದುಕೊಳ್ಳಿ. ಪ್ಲಗ್ ಕಿತ್ತು, ಲ್ಯಾಪ್‌ಟಾಪಾದರೆ ಬ್ಯಾಟರಿಯ ಕನೆಕ್ಟರನ್ನೂ ಬಿಡಿಸಿ, ಪವರ್ ಗುಂಡಿಯನ್ನು 20 ಸೆಕೆಂಡ್ ಒತ್ತಿ ಹಿಡಿದರೆ ಒಳಗುಳಿದ ಕರೆಂಟು ಇಳಿಯುತ್ತದೆ. ಬ್ಯಾಟರಿ ಉಬ್ಬಿ ಟಚ್‌ಪ್ಯಾಡ್ ಮೇಲೆದ್ದಿದ್ದರೆ ಅಲ್ಲಿಗೇ ನಿಲ್ಲಿಸಿ, ಅದು ರಬ್ಬರಿನ ಕೆಲಸವಲ್ಲ. ಎರಡು ಬದಿಯ ಕ್ಲಿಪ್ಪು ಹೊರಕ್ಕೆ ಸರಿಸಿದರೆ ರ್‍ಯಾಮ್ ಕಡ್ಡಿ ಓರೆಯಾಗಿ ಏಳುತ್ತದೆ, ಅಂಚು ಹಿಡಿದು ಎಳೆಯಿರಿ. ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಮಂಕು ಪೊರೆ ಕಾಣುತ್ತದೆ. ಬಿಳಿಯ ಮೆತ್ತನೆ ರಬ್ಬರಿನಿಂದ ಹಲ್ಲಿನ ಉದ್ದಕ್ಕೇ, ಒಂದೇ ದಿಕ್ಕಿನಲ್ಲಿ, ಎರಡೂ ಮಗ್ಗುಲು ನಾಲ್ಕೈದು ಸಲ ಉಜ್ಜಿ. ನೀಲಿ ತುದಿಯ ಇಂಕ್ ರಬ್ಬರ್ ಬೇಡ, ಅದು ಮರಳು, ಚಿನ್ನದ ಲೇಪ ಕಿತ್ತುಬರುತ್ತದೆ. ರಬ್ಬರಿನ ಚೂರು ಸ್ಲಾಟಿಗೆ ಬೀಳದ ಹಾಗೆ ದೂರ ಹೋಗಿ ಊದದೆ ಬ್ರಷ್ಷಿನಿಂದ ಕೊಡವಿ. ಬಾಯಿಂದ ಊದಿದರೆ ಎಂಜಲು ಬೀಳುತ್ತದೆ. ಮೆಡಿಕಲ್ ಶಾಪಿನ ಸ್ಪಿರಿಟ್ ಬದಲು 99% ಐಸೊಪ್ರೊಪೈಲ್ ಆಲ್ಕೋಹಾಲ್ ಸಿಕ್ಕಿದರೆ ಒಂದು ಹನಿಯಲ್ಲಿ ಒರೆಸಿ, ಹತ್ತು ನಿಮಿಷ ಆರಲು ಬಿಟ್ಟು, ಓರೆಯಾಗಿ ತಳ್ಳಿ, ಟಕ್ ಎನ್ನುವವರೆಗೆ ಕೆಳಕ್ಕೆ ಅದುಮಿ. ಮೊದಲ ಸಲ ಆನ್ ಮಾಡಿದಾಗ ಪರದೆ ಬರಲು ಒಂದು ನಿಮಿಷ ಹಿಡಿಯಬಹುದು, ಕಾಯಿರಿ. ಬರಲಿಲ್ಲವಾದರೆ ಒಂದೇ ಕಡ್ಡಿ ಹಾಕಿ, ಎರಡು ಸ್ಲಾಟಿನಲ್ಲೂ ಬದಲಿಸಿ ನೋಡಿ. ಕಡ್ಡಿ ಕೆಟ್ಟಿದೆಯೋ ಸ್ಲಾಟ್ ಕೆಟ್ಟಿದೆಯೋ ಅಲ್ಲಿ ಗೊತ್ತಾಗುತ್ತದೆ. ಕೊಳ್ಳಲೇಬೇಕಾಗಿ ಬಂದರೆ ಹಳೆಯ ಕಡ್ಡಿ ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ. ಲ್ಯಾಪ್‌ಟಾಪಿನ ಡಿಡಿಆರ್3ಕ್ಕೆ 204 ಹಲ್ಲು, ಡಿಡಿಆರ್4ಕ್ಕೆ 260, ಡಿಡಿಆರ್5ಕ್ಕೆ 262. ನಡುವಿನ ಕಚ್ಚು ಬೇರೆ ಬೇರೆ ಕಡೆ ಇರುವುದರಿಂದ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ.

ಕೊನೆಯದು ಹತ್ತು ರೂಪಾಯಿ ನಾಣ್ಯಕ್ಕಿಂತ ಚಿಕ್ಕದಾದ ವಸ್ತು. ಡೆಸ್ಕ್‌ಟಾಪ್ ಆನ್ ಆಗುತ್ತದೆ, ಇಂಟರ್ನೆಟ್ ಇದೆ, ಆದರೆ ಬ್ಯಾಂಕಿನ ಪುಟವೂ ಮೇಲ್ ಪುಟವೂ ‘ನಿಮ್ಮ ಸಂಪರ್ಕ ಸುರಕ್ಷಿತವಲ್ಲ’ ಎಂದು ಬಾಗಿಲು ಹಾಕುತ್ತವೆ. ‘ವಿಂಡೋಸ್ ಹತ್ತು ಬಂದ್ ಆಯ್ತಲ್ಲ, ಅದಕ್ಕೇ’ ಎಂದು ಮನೆಮಂದಿಯೆಲ್ಲ ಒಪ್ಪಿಕೊಂಡಿರುತ್ತಾರೆ. ಪರದೆಯ ಮೂಲೆಯ ದಿನಾಂಕ ನೋಡಿ. ಅದು ಹತ್ತು ವರ್ಷ ಹಿಂದಿನದನ್ನು ತೋರಿಸುತ್ತಿದ್ದರೆ ಆ ದಿನಕ್ಕೆ ಜಾಲತಾಣದ ಇವತ್ತಿನ ಭದ್ರತಾ ಪ್ರಮಾಣಪತ್ರ ಇನ್ನೂ ಹುಟ್ಟಿಲ್ಲ, ಬ್ರೌಸರ್ ಬೇಡ ಎನ್ನುತ್ತದೆ. ಮದರ್‌ಬೋರ್ಡಿನಲ್ಲಿರುವ ಸಿಆರ್2032 ಎಂಬ 3 ವೋಲ್ಟಿನ ಬಿಲ್ಲೆ ಸೆಲ್ ತೀರಿದೆ, ಅಷ್ಟೆ. ವಾಚ್ ರಿಪೇರಿ ಅಂಗಡಿಯಲ್ಲಿ ಸಿಗುತ್ತದೆ. ಪ್ಲಗ್ ಕಿತ್ತು, ಕ್ಲಿಪ್ಪನ್ನು ಉಗುರಿನಿಂದ ಸರಿಸಿದರೆ ಹಳೆಯದು ತಾನೇ ಎಗರುತ್ತದೆ. ಹೊಸದನ್ನು ಬರಹ ಇರುವ ಪ್ಲಸ್ ಮುಖ ಮೇಲೆ ಮಾಡಿ ಕೂರಿಸಿ, ಬಯೋಸಿನಲ್ಲಿ ಇವತ್ತಿನ ದಿನಾಂಕ ಕೊಟ್ಟು, ಉಳಿಸಿ ಹೊರಬನ್ನಿ.